ಬಾಗಿಲು ತೆರೆದಿದೆ, ಯೆನ್ ಸಾಲದು: ಜಪಾನಿಯರ ಹೊರದೇಶ ಪ್ರವಾಸದ ಲೆಕ್ಕ

(ಜಪಾನಿ ಪ್ರವಾಸಿಗರ ಜೊತೆ ಕೆಲಸ ಮಾಡುವ ಗೈಡ್‌ಗಳು, ಹೋಟೆಲ್ ಸಿಬ್ಬಂದಿ ಮತ್ತು ಜಪಾನಿ ಭಾಷೆ ಕಲಿಯುತ್ತಿರುವ ಗೆಳೆಯರ ಮುಂದೆ ಬೆಂಗಳೂರಿನಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ.

1964ರ ಮಾರ್ಚ್ ಮುಗಿಯುವ ತನಕ ಜಪಾನಿನ ಸಾಮಾನ್ಯ ಜನ ಸುಮ್ನೆ ಊರು ನೋಡಲು ಅಂತ ಹೊರದೇಶಕ್ಕೆ ಹೋಗುವ ಹಾಗಿರಲಿಲ್ಲ. ವ್ಯಾಪಾರ, ಓದು, ಸರ್ಕಾರಿ ಕೆಲಸ, ಹೀಗೆ ಏನಾದರೂ ಕಾರಣ ತೋರಿಸಬೇಕಿತ್ತು. ಜನರ ಮೇಲೆ ಅನುಮಾನ ಇತ್ತು ಅಂತಲ್ಲ. ದೇಶದ ಹತ್ತಿರ ಡಾಲರ್ ಕಮ್ಮಿ ಇತ್ತು. ಇದ್ದಷ್ಟು ಎಣ್ಣೆಗೆ, ಯಂತ್ರಗಳಿಗೆ, ಕಚ್ಚಾ ಮಾಲಿಗೆ ಬೇಕಿತ್ತು. ಅದನ್ನು ಯಾರೋ ಗುಮಾಸ್ತರು ಪ್ಯಾರಿಸ್ಸಿನಲ್ಲಿ ಕಾಫಿ ಕುಡಿದು ಕಳೆದು ಬಂದರೆ ಹೇಗೆ ಅನ್ನುವುದು ಸರ್ಕಾರದ ಚಿಂತೆ.

ಆ ವರ್ಷದ ಏಪ್ರಿಲ್ 1ರಂದು ಎರಡು ಕೆಲಸ ಒಟ್ಟಿಗೆ ನಡೆದವು. ಜಪಾನ್ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಎಂಟನೇ ಕಲಮನ್ನು ಒಪ್ಪಿಕೊಂಡ ದೇಶಗಳ ಸಾಲಿಗೆ ಸೇರಿತು. ಅಂದರೆ ಪ್ರವಾಸದಂಥ ಖರ್ಚಿಗೆ ಹೊರಗೆ ಹೋಗುವ ಹಣವನ್ನು ಮೊದಲಿನ ಹಾಗೆ ತಡೆಯುವುದಿಲ್ಲ ಅಂತ ಮಾತು ಕೊಟ್ಟಿತು. ಅದೇ ದಿನ ಜನರಿಗೂ ಹೊರಡಲು ಅನುಮತಿ ಸಿಕ್ಕಿತು. ಹಾಗಂತ ಪೂರ್ತಿ ಬಿಟ್ಟುಬಿಡಲಿಲ್ಲ. ವರ್ಷಕ್ಕೆ ಒಂದೇ ಸಲ, ಒಬ್ಬರಿಗೆ 500 ಡಾಲರ್ ಮಾತ್ರ. ಆಗ ಡಾಲರಿಗೆ 360 ಯೆನ್. ಲೆಕ್ಕ ಹಾಕಿದರೆ 1,80,000 ಯೆನ್.

ಅದೇ ತಿಂಗಳು ಹವಾಯಿಗೆ ಮೊದಲ ಗುಂಪು ಪ್ರವಾಸ ಹೊರಟಿತು. ಏಳು ರಾತ್ರಿ, ಒಂಬತ್ತು ದಿನ. ಬೆಲೆ 3,64,000 ಯೆನ್. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಹುಡುಗನಿಗೆ ಆಗ ತಿಂಗಳಿಗೆ ಸುಮಾರು 20,000 ಯೆನ್ ಸಂಬಳ. ಒಂದೂವರೆ ವರ್ಷ ಊಟ ತಿಂಡಿ ಬಿಟ್ಟು ದುಡಿದರೆ ಒಂದು ಸಲ ಹವಾಯಿ. ನಮ್ಮಲ್ಲೂ ಹೆಚ್ಚುಕಮ್ಮಿ ಇದೇ ಕಾಲದಲ್ಲಿ ಜೇಬಿನಲ್ಲಿ 8 ಡಾಲರ್ ಇಟ್ಟುಕೊಂಡು ವಿಮಾನ ಹತ್ತಿದವರಿದ್ದಾರೆ. ಹೊರದೇಶಕ್ಕೆ ಹೋಗಲು ರಿಸರ್ವ್ ಬ್ಯಾಂಕಿನ ಒಪ್ಪಿಗೆಗೆ ತುಂಬಬೇಕಿದ್ದ ಪಿ ಫಾರ್ಮ್ ಅಂದರೆ ನೆನಪಾಗುವ ಹಿರಿಯರು ಇಲ್ಲೂ ಕೂತಿರಬಹುದು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಜಪಾನಿಯರ ಪ್ರವಾಸಕ್ಕೆ ಅಡ್ಡ ಬಂದದ್ದು ಯಾವತ್ತೂ ವೀಸಾ ಅಲ್ಲ. ಅವತ್ತು ಡಾಲರ್ ಅಡ್ಡ ಬಂತು. ಇವತ್ತು ಯೆನ್ ಅಡ್ಡ ಬರುತ್ತಿದೆ, ಜೊತೆಗೆ ರಜೆ. ನಡುವೆ ಸುಮಾರು 40 ವರ್ಷ ಅವರು ಜಗತ್ತೆಲ್ಲ ಸುತ್ತಿದರು. ಆ 40 ವರ್ಷ ನೋಡಿದವರಿಗೆ ಜಪಾನಿ ಪ್ರವಾಸಿ ಅಂದರೆ ಕ್ಯಾಮೆರಾ, ಬಾವುಟ ಹಿಡಿದ ಗೈಡ್, ದುಡ್ಡಿನ ಚೀಲ. ಆ ಚಿತ್ರ ಹಳೆಯದಾಗಿದೆ.

ಜಪಾನ್ ಏರ್‌ಲೈನ್ಸ್‌ನ ಜಾಲ್‌ಪ್ಯಾಕ್ 1965ರಲ್ಲಿ ಬಂತು. ವಿಮಾನ, ಹೋಟೆಲ್, ಊಟ, ಗೈಡ್ ಎಲ್ಲ ಒಂದೇ ಬೆಲೆಗೆ. ವರ್ಷಕ್ಕೊಂದೇ ಸಲ ಅನ್ನುವ ಮಿತಿ 1966ರಲ್ಲಿ ಹೋಯಿತು. 1972ರಲ್ಲಿ ಹೊರಗೆ ಹೋದವರ ಸಂಖ್ಯೆ ಮೊದಲ ಸಲ 10 ಲಕ್ಷ ದಾಟಿತು. ನಿಜವಾದ ಬದಲಾವಣೆ 1985ರಲ್ಲಿ ಡಾಲರ್ ಬೆಲೆ ಇಳಿಸಲು ಅಮೆರಿಕ, ಜಪಾನ್ ಮತ್ತಿತರ ದೇಶಗಳು ಮಾಡಿಕೊಂಡ ಪ್ಲಾಜಾ ಒಪ್ಪಂದದ ಮೇಲೆ. ಡಾಲರಿಗೆ 240 ಯೆನ್ ಆಸುಪಾಸಿನಲ್ಲಿದ್ದದ್ದು ಎರಡೇ ವರ್ಷದಲ್ಲಿ ಅರ್ಧಕ್ಕೆ ಇಳಿಯಿತು. ಸಂಬಳ ಏರದೆಯೇ ಜಪಾನಿಯರ ಕೈಯಲ್ಲಿ ಡಾಲರ್ ಎರಡರಷ್ಟಾಯಿತು ಅನ್ನಿ.

ಆಗ ಸರ್ಕಾರವೇ ಜನರನ್ನು ಹೊರಗೆ ತಳ್ಳಿತು. ತಮಾಷೆ ಅಲ್ಲ. ರಫ್ತು ಜಾಸ್ತಿ, ಆಮದು ಕಮ್ಮಿ ಅಂತ ಅಮೆರಿಕ ಸಿಟ್ಟಾಗಿತ್ತು. ಜಪಾನಿಯರು ಹೊರದೇಶದಲ್ಲಿ ಖರ್ಚು ಮಾಡಿ ಬಂದರೆ ಆ ಲೆಕ್ಕ ಸ್ವಲ್ಪ ಸರಿಹೋಗುತ್ತದೆ ಅಂತ 1987ರಲ್ಲಿ ಒಂದು ಯೋಜನೆ ಮಾಡಿದರು. ವರ್ಷಕ್ಕೆ ಸುಮಾರು 55 ಲಕ್ಷ ಇದ್ದ ಪ್ರವಾಸಿಗರನ್ನು ಐದು ವರ್ಷದಲ್ಲಿ 1 ಕೋಟಿ ಮಾಡಬೇಕು ಅನ್ನುವುದು ಗುರಿ. 1990ರಲ್ಲೇ ಮುಟ್ಟಿದರು. ಸ್ವಂತ ಜನರನ್ನು ಬೇರೆ ದೇಶಕ್ಕೆ ಹೋಗಿ ದುಡ್ಡು ಖರ್ಚು ಮಾಡಿ ಅಂತ ಕೇಳಿಕೊಂಡ ಸರ್ಕಾರ ಇನ್ನೊಂದು ನನಗೆ ಗೊತ್ತಿಲ್ಲ.

ಮುಂದಿನದು ಬೇಗ ಹೇಳುತ್ತೇನೆ. 2015ರಲ್ಲಿ ಜಪಾನಿಗೆ ಬಂದವರ ಸಂಖ್ಯೆ ಜಪಾನಿನಿಂದ ಹೊರಟವರ ಸಂಖ್ಯೆಯನ್ನು ಮೀರಿತು. ಒಸಾಕಾದಲ್ಲಿ ಎಕ್ಸ್‌ಪೋ ಅನ್ನುವ ವಿಶ್ವ ಮೇಳ ನಡೆದ 1970ರ ಮೇಲೆ ಅದೇ ಮೊದಲು. 2019ರಲ್ಲಿ ಹೊರಟವರು 2 ಕೋಟಿ ದಾಟಿದರು, ಅದು ದಾಖಲೆ. ಆಮೇಲೆ ಕೊರೊನಾ. 2021ರಲ್ಲಿ ಬರೀ 5 ಲಕ್ಷ. 2024ರಲ್ಲಿ 1.3 ಕೋಟಿಗೆ ವಾಪಸ್ ಬಂದಿದೆ. ಅದೇ ವರ್ಷ ಜಪಾನಿಗೆ ಬಂದ ವಿದೇಶಿಯರು ಸುಮಾರು 3.7 ಕೋಟಿ. ಅಗ್ಗದ ಯೆನ್ ಬರುವವರಿಗೆ ಹಬ್ಬ, ಹೊರಡುವವರಿಗೆ ಹೊರೆ.

ಈಗ ಕಾಗದ ಪತ್ರದ ಮಾತು. ಜಪಾನಿನ ಪಾಸ್‌ಪೋರ್ಟ್ ಎಷ್ಟು ಗಟ್ಟಿ ಅಂತ ನೀವೆಲ್ಲ ಓದಿರುತ್ತೀರಿ. ವೀಸಾ ಇಲ್ಲದೆ ಅಥವಾ ಇಳಿದ ಮೇಲೆ ವೀಸಾ ಪಡೆದು 190ರಷ್ಟು ಕಡೆ ಹೋಗಬಹುದು. ಹಲವು ವರ್ಷ ಅದು ಪಟ್ಟಿಯಲ್ಲಿ ಮೊದಲಿತ್ತು. ಆದರೆ ಆ ಪಾಸ್‌ಪೋರ್ಟ್ ಯಾರ ಹತ್ತಿರ ಇದೆ? ಈಗ ದೇಶದಲ್ಲಿ ಸುಮಾರು 17 ಪರ್ಸೆಂಟ್ ಜನರ ಹತ್ತಿರ ಮಾತ್ರ. ಆರು ಜನರಲ್ಲಿ ಒಬ್ಬರು. ನಾವು ವೀಸಾಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಹೋಟೆಲ್ ಬುಕಿಂಗ್ ಎಲ್ಲ ಜೋಡಿಸಿ ಕಾಯುವವರು. ಅವರಿಗೆ ಅದ್ಯಾವುದೂ ಬೇಡ, ಆದರೂ ಹೊರಡುವುದಿಲ್ಲ. ಇದನ್ನು ನೋಡಿದಾಗ ನನಗೆ ಸ್ವಲ್ಪ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಅವರ ಪಾಸ್‌ಪೋರ್ಟಿನಲ್ಲಿ ಎರಡು ಬಗೆ. ಕೆಂಪು 10 ವರ್ಷಕ್ಕೆ, ಕಡುನೀಲಿ 5 ವರ್ಷಕ್ಕೆ. 18 ತುಂಬದವರಿಗೆ 5 ವರ್ಷದ್ದು ಮಾತ್ರ. ಮೊದಲು ಮನೆತನದ ದಾಖಲೆಯ ಪ್ರತಿ ಹಿಡಿದು ಕಚೇರಿಗೆ ಹೋಗಬೇಕಿತ್ತು. ಈಗ ಆನ್‌ಲೈನ್‌ನಲ್ಲೂ ಅರ್ಜಿ ಹಾಕಬಹುದು. ಆದರೆ 2025ರ ಮಾರ್ಚ್‌ನಿಂದ ಹೊಸ ಬಗೆಯ ಪುಸ್ತಕವನ್ನು ಸರ್ಕಾರಿ ಮುದ್ರಣಾಲಯದಲ್ಲೇ ಮಾಡುವುದರಿಂದ ಕೈಗೆ ಬರಲು ಎರಡು ವಾರ ಬೇಕು. ಮೊದಲು ವಾರದಲ್ಲಿ ಸಿಗುತ್ತಿತ್ತು. ಹಳೇ ಲೆಕ್ಕದಲ್ಲಿ ಕೊನೇ ಗಳಿಗೆಗೆ ಅರ್ಜಿ ಹಾಕಿದವರು ಸಿಕ್ಕಿಬೀಳುತ್ತಾರೆ. ಇನ್ನೊಂದು, ತಯಾರಾದ ಪಾಸ್‌ಪೋರ್ಟನ್ನು ಆರು ತಿಂಗಳೊಳಗೆ ಹೋಗಿ ತೆಗೆದುಕೊಳ್ಳದಿದ್ದರೆ ಅದು ರದ್ದು.

ಹನಿಮೂನ್ ಜೋಡಿಗಳ ಕಥೆ ಬೇರೆ. ಜಪಾನಿನ ಕಾನೂನಿನ ಪ್ರಕಾರ ಮದುವೆಯಾದ ಗಂಡ ಹೆಂಡತಿ ಒಂದೇ ಮನೆತನದ ಹೆಸರು ಇಟ್ಟುಕೊಳ್ಳಬೇಕು. ನೂರಕ್ಕೆ 95ರಷ್ಟು ಕಡೆ ಹೆಂಡತಿಯೇ ಬದಲಿಸಿಕೊಳ್ಳುತ್ತಾಳೆ. ಟಿಕೆಟ್ ಬುಕ್ ಮಾಡಿದ್ದು ಮದುವೆಗೆ ಮುಂಚೆ, ಹಳೇ ಹೆಸರಲ್ಲಿ. ಮದುವೆ ನೋಂದಾಯಿಸಿ ಪಾಸ್‌ಪೋರ್ಟನ್ನು ಹೊಸ ಹೆಸರಿಗೆ ಮಾಡಿಸಿಕೊಂಡರೆ ಟಿಕೆಟ್ ಕೂಡುವುದಿಲ್ಲ. ಪಾಸ್‌ಪೋರ್ಟ್ ನಂಬರ್ ಬದಲಾದ್ದರಿಂದ ಅಮೆರಿಕಕ್ಕೆ ಹೋಗಲು ಮೊದಲೇ ಆನ್‌ಲೈನ್‌ನಲ್ಲಿ ಪಡೆದ ಅನುಮತಿಯೂ ಕೆಲಸಕ್ಕೆ ಬರುವುದಿಲ್ಲ, ಮತ್ತೆ ದುಡ್ಡು ಕಟ್ಟಿ ಮಾಡಿಸಬೇಕು. ಹಾಗಾಗಿ ಟ್ರಾವೆಲ್ ಕೌಂಟರಿನವರು ಕೇಳುವ ಮೊದಲ ಪ್ರಶ್ನೆ, "ಹೊರಡುವ ದಿನ ನಿಮ್ಮ ಪಾಸ್‌ಪೋರ್ಟಿನಲ್ಲಿ ಯಾವ ಹೆಸರಿರುತ್ತದೆ?" ಇನಿಷಿಯಲ್ ಬಿಡಿಸಿ ಬರೆದು, ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿಕೊಂಡು ಒದ್ದಾಡಿದ ನಮಗೆ ಈ ಕಷ್ಟ ಬೇಗ ಅರ್ಥವಾಗುತ್ತದೆ.

ಪಾಸ್‌ಪೋರ್ಟ್ ಇದೆ ಅನ್ನುವುದು ಸಾಲದು, ಎಷ್ಟು ದಿನ ಬಾಕಿ ಇದೆ ಅಂತಲೂ ನೋಡಬೇಕು. ಇಂಡೋನೇಷ್ಯಾಕ್ಕೆ ಇಳಿಯುವ ದಿನ ಆರು ತಿಂಗಳು ಬಾಕಿ ಇರಬೇಕು. ಒಳಗಿನ ಗಡಿ ತಪಾಸಣೆ ಬಿಟ್ಟು ಒಂದೇ ನಿಯಮ ಇಟ್ಟುಕೊಂಡ ಯುರೋಪಿನ ಷೆಂಗೆನ್ ದೇಶಗಳಿಗೆ, ಅಲ್ಲಿಂದ ಹೊರಡುವ ದಿನದ ಮೇಲೆ ಮೂರು ತಿಂಗಳು. ಅಮೆರಿಕಕ್ಕೆ ಜಪಾನಿಯರು ಇರುವಷ್ಟು ದಿನ ಬಾಕಿ ಇದ್ದರೂ ನಡೆಯುತ್ತದೆ. ಆದರೂ ಟ್ರಾವೆಲ್ ಕಂಪನಿಗಳು 90 ದಿನ ಇರಲಿ ಅನ್ನುತ್ತವೆ. ವಿಮಾನ ತಪ್ಪಿದರೆ, ಕಾಯಿಲೆ ಬಿದ್ದರೆ ಅನ್ನುವ ಮುಂಜಾಗ್ರತೆ. ಬೋರ್ಡಿಂಗ್ ಕೌಂಟರಿನಲ್ಲಿ ವಾಪಸ್ ಕಳಿಸಿದರೆ ದುಡ್ಡು ವಾಪಸ್ ಬರುವುದಿಲ್ಲ. ಅದು ಅತಿ ಸುಲಭವಾಗಿ ತಪ್ಪಿಸಬಹುದಾದ ನಷ್ಟ.

ವೀಸಾ ಬೇಡ ಅನ್ನುವ ಮಾತಿನ ಒಳಗೂ ಕೊಕ್ಕೆ ಇದೆ. ಬಾಗಿಲು ತೆರೆದೇ ಇರುತ್ತದೆ, ಆದರೆ ಫೋನ್ ಮಾಡಿ ಬನ್ನಿ ಅನ್ನುವ ನೆಂಟರ ಮನೆ ಹಾಗೆ. ಅಮೆರಿಕ 1988ರ ಡಿಸೆಂಬರಿನಿಂದ ಜಪಾನಿಯರಿಗೆ 90 ದಿನದ ತನಕ ವೀಸಾ ಬೇಡ ಅಂದಿದೆ. ಬ್ರಿಟನ್ ಬಿಟ್ಟರೆ ಆ ಸೌಲಭ್ಯ ಸಿಕ್ಕ ಎರಡನೇ ದೇಶ ಜಪಾನ್. ಆದರೆ 2009ರಿಂದ ಎಸ್ಟಾ ಅನ್ನುವ ಮುಂಗಡ ಅನುಮತಿ ಕಡ್ಡಾಯ. ಹವಾಯಿ ಕೂಡ ಅಮೆರಿಕವೇ, ಅಲ್ಲಿಗೂ ಬೇಕು. 21 ಡಾಲರ್ ಇದ್ದ ಶುಲ್ಕ 2025ರ ಸೆಪ್ಟೆಂಬರ್ 30ರಿಂದ 40 ಡಾಲರ್ ಆಯಿತು. ಡಾಲರಿಗೆ 150 ಯೆನ್ ಹಿಡಿದರೆ 6,000 ಯೆನ್. ನಾಲ್ಕು ಜನರ ಮನೆಗೆ 24,000 ಯೆನ್, ಅದೂ ವಿಮಾನ ಹತ್ತುವ ಮುಂಚೆ. ಇದರ ಜೊತೆಗೆ ಸರ್ಕಾರಿ ಸೈಟಿನ ಹಾಗೇ ಕಾಣುವ ಖಾಸಗಿ ಸೈಟುಗಳು ಎರಡು ಮೂರು ಪಟ್ಟು ಕೀಳುತ್ತವೆ. ಹುಡುಕಿದಾಗ ಮೇಲೆ ಬರುವುದು ಅವೇ.

ಎಸ್ಟಾ ಇದ್ದರೆ ಒಳಗೆ ಬಿಟ್ಟೇ ಬಿಡುತ್ತಾರೆ ಅಂತಲೂ ಅಲ್ಲ. ಕೊನೇ ಮಾತು ವಿಮಾನ ನಿಲ್ದಾಣದ ಅಧಿಕಾರಿಯದು. ಹವಾಯಿಯಲ್ಲಿ ಒಂಟಿಯಾಗಿ ಬಂದ ಜಪಾನಿ ಯುವತಿಯರನ್ನು ಗಂಟೆಗಟ್ಟಲೆ ಪ್ರಶ್ನೆ ಕೇಳಿ ವಾಪಸ್ ಕಳಿಸಿದ ಸುದ್ದಿಗಳು ಈಚಿನ ವರ್ಷಗಳಲ್ಲಿ ಜಪಾನಿನಲ್ಲಿ ಬಂದಿವೆ. ಹಾಗಾಗಿ ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ಕೆಲಸದ ಪತ್ರ ಕಾಗದದಲ್ಲಿ ಮುದ್ರಿಸಿ ಇಟ್ಟುಕೊಳ್ಳಿ ಅಂತ ಹೇಳುತ್ತಾರೆ. ಇನ್ನೊಂದು ಬಲೆ ಕ್ಯೂಬಾ. 2021ರ ಜನವರಿ 12ರ ಮೇಲೆ ಕ್ಯೂಬಾಕ್ಕೆ ಹೋಗಿ ಬಂದವರಿಗೆ ಎಸ್ಟಾ ನಡೆಯುವುದಿಲ್ಲ. ಸಂದರ್ಶನಕ್ಕೆ ಹೋಗಿ ವೀಸಾನೇ ತೆಗೆದುಕೊಳ್ಳಬೇಕು. ಹಳೇ ಕಾರು ನೋಡಲು ಹವಾನಾಕ್ಕೆ ಹೋದವರಿಗೆ ಆಮೇಲೆ ಹೊನೊಲುಲು ದೂರವಾಗುತ್ತದೆ.

ಬ್ರಿಟನ್ 2025ರ ಜನವರಿ 8ರಿಂದ ಇದೇ ದಾರಿ ಹಿಡಿಯಿತು. 10 ಪೌಂಡ್ ಇದ್ದ ಶುಲ್ಕ ಮೂರೇ ತಿಂಗಳಲ್ಲಿ 16 ಆಯಿತು. ಕೆನಡಾ, ಆಸ್ಟ್ರೇಲಿಯಾದಲ್ಲಿ ಮೊದಲಿಂದಲೂ ಇದೆ. ಷೆಂಗೆನ್ ದೇಶಗಳಲ್ಲಿ 180 ದಿನದಲ್ಲಿ 90 ದಿನ ಇರಬಹುದು. 2025ರ ಅಕ್ಟೋಬರಿನಿಂದ ಅಲ್ಲಿ ಮುದ್ರೆ ಬದಲು ಬೆರಳಚ್ಚು, ಮುಖದ ಫೋಟೋ ತೆಗೆಯಲು ಶುರು ಮಾಡಿದ್ದಾರೆ. ಇಳಿದ ತಕ್ಷಣ ಇನ್ನೊಂದು ವಿಮಾನ ಹಿಡಿಯುವವರು ನಡುವೆ ಸಮಯ ಜಾಸ್ತಿ ಬಿಟ್ಟುಕೊಳ್ಳಬೇಕು.

ಏಷ್ಯಾದಲ್ಲಿ ನಿಯಮಗಳು ಸಡಿಲ, ಆದರೆ ಬೇಗ ಬದಲಾಗುತ್ತವೆ. ವೀಸಾ ಇಲ್ಲದೆ ಇರಬಹುದಾದ 15 ದಿನವನ್ನು ವಿಯೆಟ್ನಾಂ 2023ರ ಆಗಸ್ಟಿನಲ್ಲಿ 45 ಮಾಡಿತು. ಥಾಯ್ಲೆಂಡ್ 2024ರ ಜುಲೈಯಲ್ಲಿ 60 ದಿನಕ್ಕೆ ಏರಿಸಿತು, 2025ರ ಮೇಯಿಂದ ಆನ್‌ಲೈನ್ ಆಗಮನ ಚೀಟಿ ತಂದಿತು. ಚೀನಾ ಕೊರೊನಾ ಹೊತ್ತಲ್ಲಿ ಮುಚ್ಚಿದ, ವೀಸಾ ಇಲ್ಲದೆ ಬರುವ ಬಾಗಿಲನ್ನು 2024ರ ನವೆಂಬರ್ 30ರಂದು ಮತ್ತೆ ತೆರೆಯಿತು. ಬಾಲಿಯಲ್ಲಿ ಇಳಿದ ಮೇಲೆ ವೀಸಾಕ್ಕೆ 5 ಲಕ್ಷ ರುಪಿಯಾ, ಅದರ ಮೇಲೆ ಪ್ರವಾಸಿ ತೆರಿಗೆ ಒಂದೂವರೆ ಲಕ್ಷ ರುಪಿಯಾ. ಲಕ್ಷ ಅಂದ ತಕ್ಷಣ ಹೆದರಬೇಡಿ, 5 ಲಕ್ಷ ರುಪಿಯಾ ಅಂದರೆ 5,000 ಯೆನ್ ಆಸುಪಾಸು. ಇಲ್ಲಿ ಹೇಳಿದ ದಿನ, ಶುಲ್ಕ ಯಾವುದನ್ನೂ ಮುಂದಿನ ವರ್ಷಕ್ಕೆ ಹಾಗೇ ಹಿಡಿಯಬೇಡಿ. ಟಿಕೆಟ್ ಕೊಳ್ಳುವ ದಿನ ಒಂದು ಸಲ, ಹೊರಡುವ ವಾರ ಇನ್ನೊಂದು ಸಲ ಆಯಾ ದೇಶದ ರಾಯಭಾರ ಕಚೇರಿಯ ಸೈಟ್ ನೋಡುವುದು ಒಳ್ಳೆಯದು.

ಇನ್ನು ದುಡ್ಡು. ನನ್ನ ಪ್ರಕಾರ ಇಡೀ ವಿಷಯದ ಗುಟ್ಟು ಇಲ್ಲಿದೆ. ಹೊನೊಲುಲುವಿನಲ್ಲಿ ಒಂದು ಬಟ್ಟಲು ರಾಮೆನ್, ಅಂದರೆ ಜಪಾನಿ ನೂಡಲ್ಸ್ ಸೂಪು, 20 ಡಾಲರ್ ಅಂದುಕೊಳ್ಳಿ. 2011ರಲ್ಲಿ ಡಾಲರಿಗೆ 80 ಯೆನ್ ಇದ್ದಾಗ ಆ ಮೊತ್ತ 1,600 ಯೆನ್. 2019ರ 110ರ ಲೆಕ್ಕದಲ್ಲಿ 2,200. ಈಗ 150 ಹಿಡಿದರೆ 3,000. ತೆರಿಗೆ, ಟಿಪ್ಸ್ ಸೇರಿದರೆ 3,700 ದಾಟುತ್ತದೆ. ಟೋಕಿಯೊದಲ್ಲಿ ಅದೇ ರಾಮೆನ್ 1,000 ಯೆನ್ ಆಯಿತು ಅಂತಲೇ ಜನ ಗೊಣಗುತ್ತಾರೆ. 2024ರ ಜುಲೈಯಲ್ಲಂತೂ ಡಾಲರ್ 160 ದಾಟಿತ್ತು, 1986ರಿಂದ ಅಷ್ಟು ಕೆಳಗೆ ಯೆನ್ ಇಳಿದಿರಲಿಲ್ಲ. ಸಂಬಳ ಮಾತ್ರ 30 ವರ್ಷ ಹೆಚ್ಚುಕಮ್ಮಿ ನಿಂತಲ್ಲೇ ನಿಂತಿತ್ತು.

ಹಾಗಾಗಿ ಹವಾಯಿ ಖಾಲಿಯಾಯಿತು. 2019ರಲ್ಲಿ 15 ಲಕ್ಷಕ್ಕೂ ಜಾಸ್ತಿ ಜಪಾನಿಯರು ಹೋಗಿದ್ದರು. 2024ರಲ್ಲಿ 7 ಲಕ್ಷದ ಆಚೀಚೆ. ಪಾಪ, ಆಲ್ ನಿಪ್ಪಾನ್ ಏರ್‌ವೇಸ್ 2019ರಲ್ಲಿ ಈ ದಾರಿಗೆ ಅಂತಲೇ ಆಮೆ ಚಿತ್ರ ಬಿಡಿಸಿದ ಎರಡು ಅಂತಸ್ತಿನ ದೊಡ್ಡ ವಿಮಾನ ತಂದಿತ್ತು. ಮುಂದಿನ ವರ್ಷವೇ ಕೊರೊನಾ ಬಂತು. ಜನ ಈಗ ಕೊರಿಯಾ ಕಡೆ ಹೋಗುತ್ತಾರೆ. 2024ರಲ್ಲಿ ಅಲ್ಲಿಗೆ ಹೋದ ಜಪಾನಿಯರು 32 ಲಕ್ಷ. ಟೋಕಿಯೊದಿಂದ ಎರಡೂವರೆ ಗಂಟೆ, ಶುಕ್ರವಾರ ರಾತ್ರಿ ಹೋಗಿ ಭಾನುವಾರ ವಾಪಸ್, ವಿಮಾನದ ಬೆಲೆ ಶಿಂಕಾನ್ಸೆನ್ ಬುಲೆಟ್ ರೈಲಿಗಿಂತ ಕಮ್ಮಿ ಸಿಗುವುದೂ ಉಂಟು. ತೈವಾನ್, ವಿಯೆಟ್ನಾಂ ಕೂಡ ಹಾಗೇ. ಹತ್ತಿರ, ಅಗ್ಗ, ಚಿಕ್ಕ ರಜೆಗೆ ಹೊಂದುತ್ತವೆ.

ಹಣ ಎಲ್ಲಿ ಬದಲಿಸಬೇಕು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಡಾಲರ್, ಯೂರೋ ಜಪಾನಿನಲ್ಲೇ ಕೊಳ್ಳಬಹುದು. ಬ್ಯಾಂಕಿನಲ್ಲಿ ಡಾಲರಿಗೆ ಸುಮಾರು 3 ಯೆನ್ ಜಾಸ್ತಿ ಹಿಡಿಯುತ್ತಾರೆ. ಕೊರಿಯಾದ ವನ್, ಥಾಯ್ಲೆಂಡಿನ ಬಾತ್ ಮಾತ್ರ ಅಲ್ಲಿಗೆ ಹೋಗಿ ಬದಲಿಸುವುದೇ ಲಾಭ. ಕೊರಿಯಾದ ರಾಜಧಾನಿ ಸೋಲ್‌ನ ಮ್ಯೊಂಗ್‌ಡಾಂಗ್ ಬೀದಿಯ ಅಂಗಡಿಗಳಲ್ಲಿ ಜಪಾನಿನ ವಿಮಾನ ನಿಲ್ದಾಣಕ್ಕಿಂತ ಎಷ್ಟೋ ಒಳ್ಳೆಯ ದರ ಸಿಗುತ್ತದೆ. ಜಪಾನಿಯರಿಗೆ ನೋಟು ಅಂದರೆ ಪ್ರೀತಿ. ಯುರೋಪಿನ ಜೇಬುಗಳ್ಳರಿಗೂ ಆ ವಿಷಯ ಚೆನ್ನಾಗಿ ಗೊತ್ತು.

ಕಾರ್ಡ್ ಬಳಸುವವರು ಒಂದನ್ನು ನೆನಪಿಡಬೇಕು. ಅಂಗಡಿಯ ಯಂತ್ರ "ಯೆನ್‌ನಲ್ಲಿ ಕೊಡುತ್ತೀರಾ, ಇಲ್ಲಿನ ಹಣದಲ್ಲಿ ಕೊಡುತ್ತೀರಾ" ಅಂತ ಕೇಳುತ್ತದೆ. ಯೆನ್ ಅಂದರೆ ಲೆಕ್ಕ ಸುಲಭ ಅಂತ ಜನ ಅದನ್ನೇ ಒತ್ತುತ್ತಾರೆ. ಆಗ ದರ ನಿರ್ಧರಿಸುವುದು ಅಂಗಡಿಯ ಕಡೆಯವರು, ಅದು ಸಾಮಾನ್ಯವಾಗಿ ದುಬಾರಿ. ಆಯಾ ದೇಶದ ಹಣವನ್ನೇ ಆರಿಸಬೇಕು. ನಮ್ಮವರು ಹೊರದೇಶಕ್ಕೆ ಹೋದಾಗಲೂ ಇದೇ ಮಾತು.

ಟಿಪ್ಸ್ ಅವರಿಗೆ ದೊಡ್ಡ ತಲೆನೋವು. ಜಪಾನಿನಲ್ಲಿ ಹೋಟೆಲ್ ಮಾಣಿಗೆ ದುಡ್ಡು ಬಿಟ್ಟು ಬಂದರೆ "ಮರೆತು ಹೋದಿರಿ" ಅಂತ ಓಡಿ ಬಂದು ಕೊಡುತ್ತಾನೆ. ಅಮೆರಿಕದಲ್ಲಿ ಬಿಲ್ಲಿನ ಮೇಲೆ 15ರಿಂದ 20 ಪರ್ಸೆಂಟ್ ಕೊಡಬೇಕು. ಹವಾಯಿಯ ಹೋಟೆಲುಗಳಲ್ಲಿ ಕೋಣೆ ಬಾಡಿಗೆ ಜೊತೆ ದಿನಕ್ಕೆ 40-50 ಡಾಲರ್ ರೆಸಾರ್ಟ್ ಶುಲ್ಕ ಬೇರೆ ಹಾಕುತ್ತಾರೆ. ಬಜೆಟ್ ಬರೆಯುವಾಗ ಈ ಎರಡು ಸಾಲು ಬಿಟ್ಟುಹೋದರೆ ಇಡೀ ಲೆಕ್ಕ ತಲೆಕೆಳಗು.

ವಿಮೆಯ ಬಗ್ಗೆ ಒಂದು ಮಾತು. ಕ್ರೆಡಿಟ್ ಕಾರ್ಡಿನ ಜೊತೆ ಪ್ರವಾಸ ವಿಮೆ ಬರುತ್ತದೆ ಅಂತ ಬಹಳ ಜನ ನಿಶ್ಚಿಂತರಾಗಿರುತ್ತಾರೆ. ಅದರಲ್ಲಿ ಎರಡು ಬಗೆ. ಕಾರ್ಡ್ ಜೇಬಲ್ಲಿದ್ದರೆ ಸಾಕು ಅನ್ನುವುದು ಒಂದು. ಪ್ರವಾಸದ ಖರ್ಚನ್ನು ಆ ಕಾರ್ಡಿನಲ್ಲೇ ಕೊಟ್ಟಿದ್ದರೆ ಮಾತ್ರ ಅನ್ನುವುದು ಇನ್ನೊಂದು. ಈಚೆಗೆ ಹಲವು ಕಾರ್ಡುಗಳು ಮೊದಲನೇ ಬಗೆಯಿಂದ ಎರಡನೆಯದಕ್ಕೆ ಸರಿದಿವೆ, ಗಿರಾಕಿಗಳು ಗಮನಿಸಿಲ್ಲ. ಆಸ್ಪತ್ರೆ ಖರ್ಚಿಗೆ ಇರುವ ಮಿತಿಯೂ ಅಮೆರಿಕದಂಥ ಕಡೆ ಸಾಲುವುದಿಲ್ಲ. ಜಪಾನಿನ ಸರ್ಕಾರಿ ಆರೋಗ್ಯ ವಿಮೆ ಹೊರದೇಶದ ಚಿಕಿತ್ಸೆಗೂ ಸ್ವಲ್ಪ ಹಣ ಮರಳಿಸುತ್ತದೆ, ನಿಜ. ಆದರೆ ಅದು ಜಪಾನಿನ ದರದ ಲೆಕ್ಕದಲ್ಲಿ. ಹೊನೊಲುಲುವಿನಲ್ಲಿ ಅಪೆಂಡಿಕ್ಸ್ ತೆಗೆಸಿದರೆ ಆ ಮೊತ್ತ ಯಾವ ಮೂಲೆಗೂ ಸಾಲದು.

ಈಗ ಕ್ಯಾಲೆಂಡರ್. ಜಪಾನಿಯರು ಎಲ್ಲರೂ ಒಂದೇ ದಿನ ಹೊರಡುತ್ತಾರೆ. ಏಪ್ರಿಲ್ 29ರಿಂದ ಮೇ 5ರ ತನಕದ ಗೋಲ್ಡನ್ ವೀಕ್ ಅನ್ನುವ ಸಾಲು ರಜೆ, ಆಗಸ್ಟ್ ನಡುವೆ ಹಿರಿಯರನ್ನು ನೆನೆಯುವ ಒಬೊನ್ ಹಬ್ಬ, ವರ್ಷದ ಕೊನೆ, ಇಷ್ಟೇ. ಈ ಮೂರು ಸಮಯದಲ್ಲಿ ಬೆಲೆ ಎರಡು ಮೂರು ಪಟ್ಟು. ಕಾನೂನಿನ ಪ್ರಕಾರ ರಜೆ ಇದೆ. ಆದರೆ ಸಹೋದ್ಯೋಗಿಗಳಿಗೆ ಹೊರೆ ಆಗುತ್ತದೆ ಅಂತ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಕೊನೆಗೆ 2019ರ ಏಪ್ರಿಲ್‌ನಿಂದ, 10 ದಿನ ಅಥವಾ ಅದಕ್ಕಿಂತ ಜಾಸ್ತಿ ರಜೆ ಇರುವವರಿಗೆ ಕಂಪನಿಯೇ ವರ್ಷಕ್ಕೆ 5 ದಿನವಾದರೂ ಕೊಡಿಸಬೇಕು ಅಂತ ಕಾನೂನು ಮಾಡಬೇಕಾಯಿತು. ನಮ್ಮಲ್ಲಿ ಅಜ್ಜಿಗೆ ಹುಷಾರಿಲ್ಲ ಅಂತ ಹೇಳಿ ರಜೆ ಹಾಕುವವರಿಗೆ ಇದು ನಂಬಲಾಗದ ಕಥೆ, ಅಲ್ವಾ?

ಅಂಥ ನಾಲ್ಕೈದು ದಿನದಲ್ಲಿ ಯುರೋಪ್ ನೋಡುವುದು ಕಷ್ಟ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ 12 ಗಂಟೆಯ ದಾರಿ 14 ಗಂಟೆಯಾಗಿದೆ. ಜೊತೆಗೆ ಇಂಧನದ ಸರ್‌ಚಾರ್ಜ್. ಜಪಾನಿನ ವಿಮಾನ ಕಂಪನಿಗಳು ಸಿಂಗಪುರದ ಇಂಧನ ಬೆಲೆ ಮತ್ತು ಯೆನ್ ದರ ನೋಡಿ ಎರಡು ತಿಂಗಳಿಗೊಮ್ಮೆ ಅದನ್ನು ಬದಲಿಸುತ್ತವೆ. 2022ರ ಕೊನೆಗೆ ಯುರೋಪಿಗೆ ಒಂದು ದಾರಿಗೇ 50,000 ಯೆನ್ ದಾಟಿತ್ತು. ಹೋಗಿ ಬಂದರೆ ಟಿಕೆಟ್ ಬೆಲೆ ಬಿಟ್ಟು 1 ಲಕ್ಷ ಯೆನ್. ಇದನ್ನು ಹಾಕುವುದು ಟಿಕೆಟ್ ಕೊಂಡ ದಿನದ ದರದಲ್ಲಿ, ಹೊರಡುವ ದಿನದ್ದಲ್ಲ. ಗೊತ್ತಿದ್ದವರು ಹೊಸ ದರ ಪ್ರಕಟವಾದ ತಕ್ಷಣ ನೋಡಿ, ಏರುವ ಹಾಗಿದ್ದರೆ ತಿಂಗಳ ಕೊನೆಗೆ ಮುಂಚೆ ಟಿಕೆಟ್ ತೆಗೆಸುತ್ತಾರೆ, ಇಳಿಯುವ ಹಾಗಿದ್ದರೆ ಕಾಯುತ್ತಾರೆ.

ಪ್ಯಾಕೇಜ್ ರದ್ದು ಮಾಡುವ ನಿಯಮ ದೇಶಕ್ಕೆಲ್ಲ ಒಂದೇ ಮಾದರಿಯದು. ಮಾಮೂಲಿ ದಿನಗಳಲ್ಲಿ ಹೊರಡುವ 30 ದಿನ ಮುಂಚೆಯಿಂದ 20 ಪರ್ಸೆಂಟ್ ಕಟ್. ಗೋಲ್ಡನ್ ವೀಕ್, ಬೇಸಿಗೆ ರಜೆ, ವರ್ಷದ ಕೊನೆಗಾದರೆ 40 ದಿನ ಮುಂಚಿನಿಂದಲೇ 10 ಪರ್ಸೆಂಟ್ ಶುರು. ಹೊರಡುವ ಎರಡು ದಿನ ಇರುವಾಗ ಅರ್ಧ. ಬರಲೇ ಇಲ್ಲ ಅಂದರೆ ಪೂರ್ತಿ. ಹೋಟೆಲ್, ವಿಮಾನ ತಾವೇ ಬಿಡಿಯಾಗಿ ಬುಕ್ ಮಾಡಿದವರಿಗೆ ಈ ನಿಯಮದ ರಕ್ಷಣೆ ಇಲ್ಲ.

ಅಗ್ಗ ಅಂತ ಮುಂಗಡ ಪೂರ್ತಿ ಕೊಡುವುದರ ಅಪಾಯ 2017ರ ಮಾರ್ಚ್‌ನಲ್ಲಿ ಇಡೀ ಜಪಾನಿಗೆ ಗೊತ್ತಾಯಿತು. ಕಮ್ಮಿ ಬೆಲೆಯ ಹೊರದೇಶ ಪ್ರವಾಸ ಮಾರುತ್ತಿದ್ದ ತೆರುಮಿ ಕ್ಲಬ್ ಅನ್ನುವ ಕಂಪನಿ ದಿವಾಳಿಯಾಯಿತು. 80 ಸಾವಿರಕ್ಕೂ ಜಾಸ್ತಿ ಜನರ ಪ್ರವಾಸ ಹಾಳಾಯಿತು. ಆಗಲೇ ಹೊರದೇಶದಲ್ಲಿದ್ದವರಿಗೆ ಹೋಟೆಲಿನವರು "ನಿಮ್ಮ ದುಡ್ಡು ಬಂದಿಲ್ಲ, ಮತ್ತೆ ಕೊಡಿ" ಅಂದರು. ಟ್ರಾವೆಲ್ ಕಂಪನಿಗಳ ಸಂಘದ ಪರಿಹಾರ ನಿಧಿ ಇತ್ತು, ಆದರೆ ಆ ಕಂಪನಿಯ ಪಾಲಿಗೆ ಅದರ ಮಿತಿ 12 ಕೋಟಿ ಯೆನ್. ಜನ ಕಳೆದುಕೊಂಡದ್ದು ಸುಮಾರು 1,000 ಕೋಟಿ ಯೆನ್. ನೂರು ಕೊಟ್ಟವರಿಗೆ ಒಂದು ಬಂದ ಹಾಗಾಯಿತು. ಕಾರ್ಡಿನಲ್ಲಿ ಕೊಟ್ಟವರಲ್ಲಿ ಕೆಲವರಿಗೆ ಮಾತ್ರ ಕಾರ್ಡ್ ಕಂಪನಿಯಿಂದ ಪಾರಾಗುವ ದಾರಿ ಇತ್ತು.

ವಾಪಸ್ ಬರುವಾಗಿನ ನಿಯಮಗಳನ್ನು ಜನ ಕಡೆಗಣಿಸುತ್ತಾರೆ. ತೆರಿಗೆ ಇಲ್ಲದೆ ಮೂರು ಬಾಟಲಿ ಮದ್ಯ, 2 ಲಕ್ಷ ಯೆನ್ ತನಕದ ಸಾಮಾನು ತರಬಹುದು. ಒಂದು ಕಾಲಕ್ಕೆ ಹೊರದೇಶದಿಂದ ಬಂದವರ ಕೈಯಲ್ಲಿ ಮೂರು ಬಾಟಲಿ ಸ್ಕಾಚ್ ಇರಲೇಬೇಕಿತ್ತು, ಬಾಸ್‌ಗೆ ಒಂದು, ಮಾವನಿಗೆ ಒಂದು. ಈಗ ಅದೇ ಬಾಟಲಿ ಟೋಕಿಯೊದ ಸೂಪರ್ ಮಾರ್ಕೆಟ್ಟಿನಲ್ಲೇ ಅಗ್ಗ. ಮಾಂಸದ ಪದಾರ್ಥ ಮಾತ್ರ ಹುಷಾರು. ಸಾಸೇಜ್, ಒಣ ಮಾಂಸ ತಂದರೆ 2019ರಿಂದ ಬಹಳ ಬಿಗಿಯಾಗಿ ಹಿಡಿಯುತ್ತಾರೆ, ವಿಮಾನ ನಿಲ್ದಾಣದ ಡ್ಯೂಟಿ ಫ್ರೀಯಲ್ಲಿ ಕೊಂಡಿದ್ದರೂ ಅಷ್ಟೇ.

ಇಷ್ಟು ಸಾಕು. ಪ್ರಶ್ನೆಗಳಿಗೆ ಬರೋಣ.

"ಸರ್, ಜಪಾನಿಯರು ಬೆಂಗಳೂರಿಗೆ ಬರಬೇಕಾದರೆ ಏನು ಬೇಕು?"

ನಾವು ಅವರಿಗೆ ವೀಸಾ ಬೇಡ ಅಂದಿಲ್ಲ, ಆದರೆ ಇಳಿದ ಮೇಲೆ ಕೊಡುತ್ತೇವೆ. 2016ರ ಮಾರ್ಚ್ 1ರಿಂದ ಇದೆ. ಶುರುವಿನಲ್ಲೇ ಆರು ವಿಮಾನ ನಿಲ್ದಾಣಗಳಿಗೆ ಕೊಟ್ಟರು, ಬೆಂಗಳೂರು ಅದರಲ್ಲಿ ಒಂದು. ಶುಲ್ಕ 2,000 ರೂಪಾಯಿ, ಮಕ್ಕಳಿಗೂ ಅಷ್ಟೇ. 60 ದಿನ ಇರಬಹುದು. ಪಾಸ್‌ಪೋರ್ಟ್ ಆರು ತಿಂಗಳು ಬಾಕಿ ಇರಬೇಕು. ಇ-ವೀಸಾ ದಾರಿಯೂ ಇದೆ, ಸಾಲಿನಲ್ಲಿ ನಿಲ್ಲಲು ಬೇಸರ ಇರುವವರಿಗೆ ಅದೇ ಒಳ್ಳೆಯದು. 2025ರ ಅಕ್ಟೋಬರ್ 1ರಿಂದ ವಿದೇಶಿಯರು ಆನ್‌ಲೈನ್ ಆಗಮನ ಚೀಟಿಯನ್ನೂ ತುಂಬಬೇಕು. ಟೋಕಿಯೊ ಹತ್ತಿರದ ನರಿತಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಜಪಾನ್ ಏರ್‌ಲೈನ್ಸ್ ನೇರ ವಿಮಾನ ಇದೆ. 2020ರಲ್ಲೇ ಶುರುವಾಗಬೇಕಿತ್ತು, ಕೊರೊನಾದಿಂದ ತಡವಾಯಿತು.

"ಹಾಗಿದ್ದರೂ ಹಂಪಿಗೆ ಜಪಾನಿಯರು ಯಾಕೆ ಕಮ್ಮಿ?"

ಬೆಂಗಳೂರಿಗೆ ಬರುವವರಲ್ಲಿ ಜಾಸ್ತಿ ಜನ ಕೆಲಸಕ್ಕೆ ಬಂದವರು. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಹಿಡಿದು ಸಾಫ್ಟ್‌ವೇರ್ ಕಂಪನಿಗಳ ತನಕ. ರಜೆಗೆ ಬರುವವರು ದೆಹಲಿ, ಆಗ್ರಾ, ವಾರಾಣಸಿ ನೋಡಿ ಬೋಧಗಯಾ ಮುಗಿಸಿ ಹೊರಡುತ್ತಾರೆ. ಅವರ ರಜೆಯೇ ಐದಾರು ದಿನ, ನೆನಪಿದೆಯಲ್ಲ. ಹಂಪಿಗೆ ರಾತ್ರಿ ರೈಲು, ವಾಪಸ್ ಇನ್ನೊಂದು ರಾತ್ರಿ ರೈಲು ಅಂದರೆ ಅರ್ಧ ರಜೆ ದಾರಿಯಲ್ಲೇ ಮುಗಿಯಿತು. ಅವರಿಗೆ ಹಂಪಿ ಮಾರಬೇಕಾದರೆ ಫೋಟೋ ತೋರಿಸುವುದಕ್ಕಿಂತ ಗಂಟೆಗಳ ಲೆಕ್ಕ ತೋರಿಸಿ. ಬಂದು ಇಲ್ಲೇ ಕೆಲಸದಲ್ಲಿರುವ ಜಪಾನಿ ಕುಟುಂಬಗಳನ್ನು ಹಿಡಿಯುವುದು ಇನ್ನೂ ಸುಲಭ. ಅವರಿಗೆ ಶನಿವಾರ ಭಾನುವಾರ ಇದೆ, ರೂಪಾಯಿ ಇದೆ.

"ದುಡ್ಡಿನ ವಿಷಯದಲ್ಲಿ ಅವರಿಗೆ ಏನು ಹೇಳಬೇಕು?"

ಜಪಾನಿನಲ್ಲಿ ರೂಪಾಯಿ ಸಿಗುವುದು ಅಪರೂಪ, ಸಿಕ್ಕರೂ ದರ ಕೆಟ್ಟದು. ಇಳಿದ ಮೇಲೆ ಸ್ವಲ್ಪ ಬದಲಿಸಿಕೊಳ್ಳಲಿ, ಚಿಲ್ಲರೆ ನೋಟು ಕೇಳಿ ಪಡೆಯಲಿ. ನಾವು ಎಳನೀರಿಗೂ ಕ್ಯೂಆರ್ ಕೋಡ್ ತೋರಿಸುತ್ತೇವೆ, ಅವರ ಫೋನಿನಲ್ಲಿ ಯುಪಿಐ ಇರುವುದಿಲ್ಲ. ವಿದೇಶಿಯರಿಗೆ ಅಂತ ಯುಪಿಐ ವಾಲೆಟ್ ಇದೆ, ಪಾಸ್‌ಪೋರ್ಟ್, ವೀಸಾ ತೋರಿಸಿ ಮಾಡಿಸಿಕೊಳ್ಳಬಹುದು. ಎರಡು ದಿನಕ್ಕೆ ಬರುವವರಿಗೆ ಅಷ್ಟು ಶ್ರಮ ಬೇಡ, ನೂರರ ನೋಟುಗಳ ಒಂದು ಕಟ್ಟು ಸಾಕು. ಕಾರ್ಡ್ ಎರಡು ಬೇರೆ ಬೇರೆ ಕಂಪನಿಯದ್ದಿರಲಿ.

"ಅವರು ಸಾಮಾನ್ಯವಾಗಿ ಯಾವುದರಲ್ಲಿ ಸಿಕ್ಕಿಬೀಳುತ್ತಾರೆ?"

ಸಿಗರೇಟು. ಜಪಾನಿನಲ್ಲಿ ಬಿಸಿ ಮಾಡಿ ಸೇದುವ ಎಲೆಕ್ಟ್ರಾನಿಕ್ ಸಾಧನ ಬಹಳ ಜನರ ಜೇಬಿನಲ್ಲಿರುತ್ತದೆ, ಅಲ್ಲಿ ಅದು ಮಾಮೂಲಿ. ಥಾಯ್ಲೆಂಡ್, ಸಿಂಗಪುರದಲ್ಲಿ ಅದಕ್ಕೆ ಭಾರೀ ದಂಡ ಇದೆ. ನಮ್ಮಲ್ಲೂ 2019ರ ಕಾನೂನಿನಲ್ಲಿ ಇ-ಸಿಗರೇಟಿನ ಜೊತೆ ಇದನ್ನೂ ಸೇರಿಸಿ ಆಮದು, ಮಾರಾಟ ಎಲ್ಲ ನಿಷೇಧಿಸಿದ್ದಾರೆ. ಬುಕಿಂಗ್ ಖಚಿತವಾದ ದಿನವೇ ಈ ಒಂದು ಸಾಲನ್ನು ಜಪಾನಿ ಭಾಷೆಯಲ್ಲಿ ಬರೆದು ಕಳಿಸಿ. ಇಲ್ಲಿ ಇಳಿದ ಮೇಲೆ ಹೇಳಿದರೆ ತಡವಾಗುತ್ತದೆ.